ಹದಿನೈದರ ಎತ್ತರ, ಇಪ್ಪತ್ತರ ಆಟ

ಬಾಸ್ಕೆಟ್‌ಬಾಲ್ ಆಟದ ಬುಟ್ಟಿಯನ್ನು ನೆಲದಿಂದ 3.05 ಮೀಟರ್ ಎತ್ತರದಲ್ಲಿ ಕಟ್ಟಿರುತ್ತಾರೆ. ಆಡುವವರು ಚಿಕ್ಕವರಿರಲಿ ದೊಡ್ಡವರಿರಲಿ, ಮಕ್ಕಳ ಮಿನಿ ಬಾಸ್ಕೆಟ್‌ಬಾಲ್ ಒಂದನ್ನು ಬಿಟ್ಟರೆ ಈ ಅಳತೆ ಎಲ್ಲಿಯೂ ಬದಲಾಗುವುದಿಲ್ಲವಾದ್ದರಿಂದ, ಕೈ ಮೇಲೆತ್ತಿದಾಗ ಯಾರ ಬೆರಳು ಬುಟ್ಟಿಗೆ ಹತ್ತಿರವಾಗುತ್ತದೆಯೋ ಅವರಿಗೆ ಆಟ ಆರಂಭವಾಗುವ ಮೊದಲೇ ಒಂದಿಷ್ಟು ಅನುಕೂಲ ಸಿಕ್ಕಿರುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಆಟಗಾರರ ಸರಾಸರಿ ಎತ್ತರ ಎರಡು ಮೀಟರಿನ ಆಸುಪಾಸಿನಲ್ಲಿದ್ದರೆ ಭಾರತದ ವಯಸ್ಕ ಪುರುಷರ ಸರಾಸರಿ ಸುಮಾರು 165 ಸೆಂಟಿಮೀಟರ್ ಆಗಿರುವುದರಿಂದ, ರಾಷ್ಟ್ರೀಯ ಕಿರಿಯರ ತಂಡಕ್ಕೆ ಮಕ್ಕಳನ್ನು ಹುಡುಕಲು ಹೊರಟವರ ಕಣ್ಣು ಮೊದಲು ಉದ್ದ ಬೆಳೆದ ಮಕ್ಕಳ ಮೇಲೆ ಬೀಳುವುದು ಸಹಜವೇ ಆಗಿದೆ. ಆದರೆ ಹದಿನೈದು ವರ್ಷದ ಮಗುವಿನ ಎತ್ತರ ಇನ್ನೂ ಮುಗಿಯದ ಲೆಕ್ಕವಾಗಿದ್ದು, ಅದನ್ನೇ ಅಂತಿಮವೆಂದು ಹಿಡಿದು ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಮನೆಗೆ ಕಳುಹಿಸಬೇಕು, ಒಳಗೆ ಬಂದವರಿಗೆ ಏನು ಕಲಿಸಬೇಕು ಎಂಬುದನ್ನು ತೀರ್ಮಾನಿಸಿದರೆ ಎರಡು ಬಗೆಯ ನಷ್ಟವಾಗುತ್ತದೆ. ನಿಧಾನವಾಗಿ ಬೆಳೆಯುವ ಮಗು ಆಟದಿಂದಲೇ ದೂರವಾಗುತ್ತದೆ. ಬೇಗ ಬೆಳೆದ ಮಗು ಆಟದೊಳಗಿದ್ದೂ ಆಟವನ್ನು ಪೂರ್ತಿಯಾಗಿ ಕಲಿಯುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬದಂತಹ ತಾಲೂಕುಗಳಲ್ಲಿ ಈ ನಷ್ಟ ಇನ್ನಷ್ಟು ಆಳವಾಗಿರುವುದಕ್ಕೆ ಅಲ್ಲಿನ ಮಳೆ, ಮಣ್ಣು ಮತ್ತು ಶಾಲಾ ಕ್ರೀಡಾಕೂಟಗಳ ವ್ಯವಸ್ಥೆಯಲ್ಲಿಯೇ ಕಾರಣಗಳಿವೆ.

ಎತ್ತರದ ಕುರಿತಾದ ಚರ್ಚೆಗೆ ಕರ್ನಾಟಕದಲ್ಲಿಯೇ ಉತ್ತಮ ನಿದರ್ಶನವೊಂದು ಸಿಗುತ್ತದೆ. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ತಂಡಗಳನ್ನು ಬಲಾಬಲಕ್ಕೆ ತಕ್ಕಂತೆ ಎ ಮತ್ತು ಬಿ ವಿಭಾಗಗಳಾಗಿ ಹಂಚಲಾಗಿತ್ತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿಯೇ ನಡೆದ 16 ವರ್ಷದೊಳಗಿನ ಬಾಲಕಿಯರ ಏಷ್ಯಾ ಕೂಟದಲ್ಲಿಯೂ ಭಾರತದ ಬಾಲಕಿಯರು ಬಿ ವಿಭಾಗವನ್ನು ಗೆದ್ದರು. ಆದರೆ 2019ರಲ್ಲಿ ಅದೇ ಕಂಠೀರವದಲ್ಲಿ ಹಿರಿಯ ಮಹಿಳೆಯರು ಎ ವಿಭಾಗದ ತಂಡಗಳನ್ನು ಎದುರಿಸಿದಾಗ ಒಂದೂ ಪಂದ್ಯವನ್ನು ಗೆಲ್ಲಲಾಗದೆ ಎಂಟನೆಯ ಮತ್ತು ಕೊನೆಯ ಸ್ಥಾನಕ್ಕೆ ಇಳಿಯಬೇಕಾಯಿತು. ಇಂತಹ ಸೋಲಿಗೆ ನಮ್ಮಲ್ಲಿ ತಕ್ಷಣ ಸಿಗುವ ವಿವರಣೆಯೆಂದರೆ ಎತ್ತರದ ಕೊರತೆ. ಆ ವಿವರಣೆ ಎಷ್ಟು ಅಪೂರ್ಣವೆಂಬುದನ್ನು ಆ ಎರಡೂ ಕೂಟಗಳ ಚಾಂಪಿಯನ್ ತಂಡವೇ ತೋರಿಸಿಕೊಟ್ಟಿದೆ. 2017ರಲ್ಲಿ ಆಸ್ಟ್ರೇಲಿಯವನ್ನು 74–73ರಿಂದ, 2019ರಲ್ಲಿ ಚೀನಾವನ್ನು 71–68ರಿಂದ ಮಣಿಸಿ ಪ್ರಶಸ್ತಿ ಎತ್ತಿದ್ದು ಜಪಾನ್, ಮತ್ತು ಅದು ತಾನು ಸೋಲಿಸಿದ ಎರಡೂ ತಂಡಗಳಿಗಿಂತ ಕುಳ್ಳಾಗಿತ್ತು.

ಜಪಾನ್ ತಂಡ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಆಟಗಾರ್ತಿಯರ ಸರಾಸರಿ ಎತ್ತರ ಸುಮಾರು 176 ಸೆಂ.ಮೀ. ಆಗಿತ್ತು. 193 ಸೆಂ.ಮೀ. ಎತ್ತರದ ರಾಮು ತೊಕಾಶಿಕಿ ಗಾಯದಿಂದಾಗಿ ತಂಡದಲ್ಲಿರಲಿಲ್ಲ. ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ 162 ಸೆಂ.ಮೀ. ಎತ್ತರದ ರುಯಿ ಮಚಿದಾ 18 ಅಸಿಸ್ಟ್‌ಗಳ, ಅಂದರೆ ಜೊತೆಗಾರ್ತಿಯರು ನೇರವಾಗಿ ಅಂಕ ಗಳಿಸುವಂತೆ ಮಾಡಿದ ಪಾಸ್‌ಗಳ, ಒಲಿಂಪಿಕ್ ದಾಖಲೆ ಬರೆದರು. ಬುಟ್ಟಿಯ ಬುಡದಲ್ಲಿ ಉದ್ದನೆಯ ಎದುರಾಳಿಗಳೊಡನೆ ಗುದ್ದಾಡುವ ಬದಲು ಅಂಗಣವನ್ನು ಅಗಲಿಸಿಕೊಂಡು, ಎಡೆಬಿಡದೆ ಓಡುತ್ತ, 6.75 ಮೀಟರ್ ದೂರದ ಗೆರೆಯ ಆಚೆಯಿಂದ ಮೂರಂಕದ ಎಸೆತಗಳನ್ನು ಎಲ್ಲ ಆಟಗಾರ್ತಿಯರೂ ಎಸೆಯಬಲ್ಲಂತೆ ಆ ತಂಡವನ್ನು ಕಟ್ಟಲಾಗಿತ್ತು. ಹಾಗೆಂದು ಎತ್ತರಕ್ಕೆ ಬೆಲೆಯಿಲ್ಲವೆಂದು ಇದರಿಂದ ತಿಳಿಯಬಾರದು, ಏಕೆಂದರೆ ಅದೇ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಎತ್ತರವೂ ಕೌಶಲವೂ ಒಟ್ಟಿಗಿದ್ದ ಅಮೆರಿಕದ ಎದುರು ಜಪಾನ್ 75–90ರಿಂದ ಸೋತಿತು. ಇರುವ ಎತ್ತರದಲ್ಲಿ ಏನನ್ನು ಬೆಳೆಸಬಹುದು ಎಂಬ ಪ್ರಶ್ನೆಯನ್ನು ಜಪಾನ್ ಬಹಳ ಮೊದಲೇ, ಕಿರಿಯರ ಹಂತದಲ್ಲಿಯೇ ಕೇಳಿಕೊಂಡಿತ್ತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಈಗ ಬೆಳವಣಿಗೆಯ ವಿಷಯಕ್ಕೆ ಬರಬಹುದು. ಮೂಳೆಯ ಎರಡೂ ತುದಿಗಳ ಬಳಿ ಇರುವ ಮೃದ್ವಸ್ಥಿಯ ತೆಳುವಾದ ಪದರವನ್ನು ಬೆಳವಣಿಗೆಯ ಫಲಕ ಎನ್ನುತ್ತಾರೆ. ಉದ್ದ ಹೆಚ್ಚುವುದು ಇಲ್ಲಿಂದಲೇ. ಈ ಪದರ ಗಟ್ಟಿಮೂಳೆಯಾಗಿ ಬೆಸೆದುಕೊಂಡ ಮೇಲೆ ಯಾವ ವ್ಯಾಯಾಮದಿಂದಲೂ ಯಾವ ಪುಡಿಯಿಂದಲೂ ಎತ್ತರ ಹೆಚ್ಚುವುದಿಲ್ಲ. ಬಾಲ್ಯದಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್‌ನಂತೆ ಸಮವಾಗಿ ಸಾಗುವ ಬೆಳವಣಿಗೆ ಹದಿಹರೆಯದಲ್ಲಿ ಒಮ್ಮೆಲೇ ವೇಗ ಪಡೆಯುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 8 ಸೆಂ.ಮೀ., ಹುಡುಗರಲ್ಲಿ ಹದಿನಾಲ್ಕರ ಆಸುಪಾಸಿನಲ್ಲಿ 9ರಿಂದ 10 ಸೆಂ.ಮೀ. ತನಕ ಮುಟ್ಟುವ ಈ ಘಟ್ಟಕ್ಕೆ ತಜ್ಞರು ಗರಿಷ್ಠ ಬೆಳವಣಿಗೆಯ ವೇಗ ಎಂದು ಹೆಸರಿಟ್ಟಿದ್ದಾರೆ. ಈ ಘಟ್ಟ ಎಲ್ಲ ಮಕ್ಕಳಿಗೂ ಒಂದೇ ವಯಸ್ಸಿನಲ್ಲಿ ಬರುವುದಿಲ್ಲವೆಂಬುದೇ ಮುಖ್ಯವಾದ ಮಾತು. ಒಂದೇ ತಿಂಗಳಲ್ಲಿ ಹುಟ್ಟಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗರ ಮೂಳೆಯ ಪ್ರಾಯದಲ್ಲಿ ನಾಲ್ಕೈದು ವರ್ಷಗಳಷ್ಟು ಅಂತರವಿರಲು ಸಾಧ್ಯವಿದ್ದು, ಹದಿನಾಲ್ಕರಲ್ಲಿ 178 ಸೆಂ.ಮೀ. ತಲುಪಿದವನ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು, 160 ಸೆಂ.ಮೀ. ಇದ್ದವನು ಹದಿನೆಂಟು ತುಂಬುವಾಗ ಅವನನ್ನು ದಾಟಿಹೋಗಲೂಬಹುದು.

ಅಮೆರಿಕದ ಆಂಥನಿ ಡೇವಿಸ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಶಿಕಾಗೊದಲ್ಲಿ ಹೈಸ್ಕೂಲಿನ ಆರಂಭದ ದಿನಗಳಲ್ಲಿ ಅವರ ಎತ್ತರ ಸುಮಾರು 188 ಸೆಂ.ಮೀ. ಇತ್ತು. ಆ ಎತ್ತರದವರಿಗೆ ಅಲ್ಲಿ ಸಿಗುವುದು ಗಾರ್ಡ್ ಸ್ಥಾನ. ಚೆಂಡನ್ನು ಪುಟಿಸುತ್ತ ಮುಂದೊಯ್ಯುವ, ದೂರದಿಂದ ಎಸೆಯುವ, ಇತರರಿಗೆ ಆಟ ಕಟ್ಟಿಕೊಡುವ ಕೆಲಸ ಗಾರ್ಡ್‌ನದು. ಶಾಲೆ ಮುಗಿಸುವ ಹೊತ್ತಿಗೆ 208 ಸೆಂ.ಮೀ. ಬೆಳೆದಿದ್ದ ಡೇವಿಸ್, ಬುಟ್ಟಿಯ ಕೆಳಗೆ ನಿಲ್ಲುವವರ ಎತ್ತರವನ್ನೂ ಗಾರ್ಡ್ ಆಗಿ ಕಲಿತ ಕೈಚಳಕವನ್ನೂ ಒಟ್ಟಿಗೆ ಹೊಂದಿದ್ದರಿಂದ 2012ರ ಎನ್‌ಬಿಎ ಆಯ್ಕೆಯಲ್ಲಿ ಮೊದಲನೆಯವರಾಗಿ ಆರಿಸಲ್ಪಟ್ಟರು. ಇದಕ್ಕೆ ಎದುರಾದ ದಾರಿ ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಅವರದು. ಚಿಕ್ಕ ವಯಸ್ಸಿನಲ್ಲಿಯೇ ಅಸಾಧಾರಣವಾಗಿ ಬೆಳೆದು ಲುಧಿಯಾನದ ಅಕಾಡೆಮಿ ಸೇರಿ, 2010ರಲ್ಲಿ ಹದಿಹರೆಯದಲ್ಲಿರುವಾಗಲೇ ತರಬೇತಿಗಾಗಿ ಫ್ಲಾರಿಡಕ್ಕೆ ಹೋದ ಅವರು, 218 ಸೆಂ.ಮೀ. ಎತ್ತರದ ಆಟಗಾರನಾಗಿ 2015ರಲ್ಲಿ 52ನೆಯ ಆಯ್ಕೆಯಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಪಾಲಾದಾಗ, ಭಾರತದಲ್ಲಿ ಹುಟ್ಟಿ ಎನ್‌ಬಿಎಗೆ ಆಯ್ಕೆಯಾದ ಮೊದಲಿಗರೆಂಬ ಗೌರವ ಪಡೆದರು. ಆದರೆ ಎನ್‌ಬಿಎಯ ಒಂದು ಪಂದ್ಯವನ್ನೂ ಆಡುವ ಅವಕಾಶ ಅವರಿಗೆ ಒದಗಲಿಲ್ಲ. ಉದ್ದನೆಯವರು ಕೂಡ ಇಡೀ ಅಂಗಣದಲ್ಲಿ ಓಡಿ, ದೂರದಿಂದ ಎಸೆದು, ಚುರುಕಿನ ಗಾರ್ಡ್‌ಗಳನ್ನು ತಡೆಯಬೇಕಾದ ಕಾಲ ಆ ಹೊತ್ತಿಗೆ ಬಂದಾಗಿತ್ತು. ಸತ್ನಾಮ್ ಸಾಧಿಸಿದ್ದು ಬಹಳ ದೊಡ್ಡದು. ಆದರೆ ಹತ್ತರಿಂದ ಹದಿನಾಲ್ಕರ ನಡುವಿನ ವರ್ಷಗಳಲ್ಲಿ ಮಗುವಿನ ಕೈಗೆ ಮತ್ತು ಕಾಲಿಗೆ ಏನನ್ನು ಕಲಿಸಬೇಕೆಂಬ ಪ್ರಶ್ನೆಗೆ ಈ ದೇಶದ ತರಬೇತಿ ವ್ಯವಸ್ಥೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ಆ ವರ್ಷಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ತಂಡದ ಅತಿ ಉದ್ದದ ಹುಡುಗನನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ, ಚೆಂಡು ಬಂದರೆ ಕೈ ಎತ್ತಿ ಹಿಡಿದು ಹಾಗೆಯೇ ಮೇಲಕ್ಕೆ ಹಾಕಲು ಹೇಳುತ್ತಾರೆ. ಜೊತೆಯವರು ಅವನ ಭುಜದವರೆಗೂ ಬಾರದ ಪ್ರಾಯದಲ್ಲಿ ಇದರಿಂದ ಪಂದ್ಯ ಗೆಲ್ಲಬಹುದು. ಗುರಿ ತಪ್ಪಿ ಹಿಂದಿರುಗುವ ಚೆಂಡನ್ನು ಹಿಡಿಯುವುದಕ್ಕೆ ರಿಬೌಂಡ್ ಎಂದು ಹೆಸರಿದ್ದು, ಎದುರಾಳಿಯನ್ನು ಬೆನ್ನಿನಿಂದ ಹೊರಗಿಟ್ಟು ಜಾಗ ಹಿಡಿದ ಮೇಲೆ ಜಿಗಿಯುವುದು ಅದರ ಸರಿಯಾದ ಕ್ರಮ. ಜಿಗಿಯದೆಯೇ ಚೆಂಡು ಕೈಗೆ ಸಿಗುವ ಹುಡುಗನಿಗೆ ಈ ಕ್ರಮವನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ. ಎಡಗೈಯಿಂದ ಚೆಂಡು ಪುಟಿಸುವುದು, ಒಂದು ಪಾದವನ್ನು ನೆಲಕ್ಕೂರಿ ಇನ್ನೊಂದರಿಂದ ತಿರುಗುವ ಪಿವಟ್, ಓಡುತ್ತ ಎರಡು ಹೆಜ್ಜೆಯಲ್ಲಿ ಬುಟ್ಟಿಗೆ ಹಾಕುವ ಲೇ-ಅಪ್, ಇವೆಲ್ಲ ಗಿಡ್ಡ ಹುಡುಗರ ಕೆಲಸಗಳೆಂದು ಅವನೂ ಅವನ ತರಬೇತುದಾರರೂ ನಂಬಿಬಿಡುತ್ತಾರೆ. ಹದಿನೇಳರಲ್ಲಿ ಉಳಿದವರು ಬೆಳೆದು ಅವನ ಸಮಕ್ಕೆ ಬಂದಾಗ ಅವನಿಗಿದ್ದ ಏಕೈಕ ಅನುಕೂಲ ಇಲ್ಲವಾಗುತ್ತದೆ. ಅವನು ರಾಷ್ಟ್ರಮಟ್ಟದಲ್ಲಿ ಬುಟ್ಟಿಯ ಕೆಳಗೆ ನಿಲ್ಲುವ ಸೆಂಟರ್ ಸ್ಥಾನಕ್ಕೆ ಸಾಲದಷ್ಟು ಗಿಡ್ಡ, ಗಾರ್ಡ್ ಆಗಲು ಬೇಕಾದ ಕೈಚಳಕವಿಲ್ಲ. ಈ ಸ್ಥಿತಿಗೆ ಬಂದು ನಿಲ್ಲುವ ಮಕ್ಕಳನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅವರು ಹೇಳಿದ್ದನ್ನೆಲ್ಲ ಮಾಡಿರುತ್ತಾರೆ.

ವಯೋಮಿತಿಯ ಪಟ್ಟಿಗಳು ಇದನ್ನು ಇನ್ನಷ್ಟು ಬಿಗಡಾಯಿಸುತ್ತವೆ. ಶಾಲಾ ಕ್ರೀಡಾಕೂಟಗಳು 14, 17 ಮತ್ತು 19 ವರ್ಷದೊಳಗಿನವರೆಂಬ ವಿಭಾಗಗಳಲ್ಲಿ ನಡೆಯುವುದರಿಂದ 17ರ ವಿಭಾಗದಲ್ಲಿ ಹದಿನಾಲ್ಕು ದಾಟಿದವನೂ ಹದಿನೇಳಕ್ಕೆ ಹತ್ತಿರವಾದವನೂ ಒಂದೇ ಅಂಗಣದಲ್ಲಿ ಎದುರುಬದುರಾಗುತ್ತಾರೆ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಇದೇ ತೊಡಕು ಬೇರೆ ರೂಪದಲ್ಲಿದೆ. 2017ರ 16 ವರ್ಷದೊಳಗಿನವರ ಏಷ್ಯಾ ಕೂಟದಲ್ಲಿ 2001ರ ಜನವರಿ 1 ಮತ್ತು ಅನಂತರ ಹುಟ್ಟಿದವರು ಆಡಬಹುದಿತ್ತು. ಇಂತಹ ಕೂಟಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ, 2002ರ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗಿ ತನಗಿಂತ ಸುಮಾರು ಎರಡು ವರ್ಷ ದೊಡ್ಡವರೊಡನೆ ಸ್ಪರ್ಧಿಸಿ ಆಯ್ಕೆಯಾಗಬೇಕಿತ್ತು, ಮುಂದಿನ ಕೂಟದ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತಿತ್ತು. ಒಂದೇ ವಯೋವಿಭಾಗದಲ್ಲಿ ಮೊದಲು ಹುಟ್ಟಿದವರಿಗೆ ಸಿಗುವ ಈ ಲಾಭವನ್ನು ಸಾಪೇಕ್ಷ ವಯಸ್ಸಿನ ಪರಿಣಾಮ ಎನ್ನುತ್ತಾರೆ. ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಪರಿಶೀಲಿಸಿ 1985ರಲ್ಲಿ ಬಾರ್ನ್ಸ್ಲಿ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟ ಮೇಲೆ ಅನೇಕ ಆಟಗಳಲ್ಲಿ ಇದು ಕಂಡುಬಂದಿದೆ. ಇದರ ಜೊತೆಗೆ ಸುಳ್ಳು ಜನನ ದಾಖಲೆಯ ಪಿಡುಗೂ ಸೇರಿಕೊಳ್ಳುತ್ತದೆ. ಅದನ್ನು ತಡೆಯಲು ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ಪ್ರಾಯವನ್ನು ಅಂದಾಜು ಮಾಡುವ ಟ್ಯಾನರ್–ವೈಟ್‌ಹೌಸ್ ವಿಧಾನವನ್ನು ಭಾರತದ ಕ್ರೀಡಾ ಸಂಸ್ಥೆಗಳು ಬಳಸುತ್ತಿವೆ. ಆದರೆ ಆ ವಿಧಾನ ಅಳೆಯುವುದು ಮೂಳೆಯ ಪಕ್ವತೆಯನ್ನು; ಪ್ರಾಮಾಣಿಕವಾಗಿಯೇ ಬೇಗ ಬೆಳೆದ ಮಗುವೊಂದು ಅದರ ಮುಂದೆ ಅನುಮಾನಕ್ಕೆ ಒಳಗಾಗುವ ಸಾಧ್ಯತೆ ಇರುವುದರಿಂದ ಫಲಿತಾಂಶವನ್ನು ಎಚ್ಚರದಿಂದ ಓದಬೇಕಾಗುತ್ತದೆ.

ಪುತ್ತೂರು, ಸುಳ್ಯ ಮತ್ತು 2018ರಲ್ಲಿ ಪ್ರತ್ಯೇಕ ತಾಲೂಕಾದ ಕಡಬದ ಕಡೆ ನೋಡಿದರೆ, ಅಲ್ಲಿನ ಉದ್ದನೆಯ ಮಕ್ಕಳು ಬಾಸ್ಕೆಟ್‌ಬಾಲ್ ಕಡೆಗೆ ಬರುವುದು ಅಪರೂಪ. ಇದಕ್ಕೆ ಆಸಕ್ತಿಯ ಕೊರತೆಗಿಂತ ನೆಲವೇ ಹೆಚ್ಚಿನ ಕಾರಣ. ಬಾಸ್ಕೆಟ್‌ಬಾಲ್ ಚೆಂಡು ಪುಟಿಯಬೇಕಾದರೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿಯಾದ ಸಮತಟ್ಟು ಅಂಗಣ ಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಕೆಂಪುಮಣ್ಣಿನ ಮೈದಾನ ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಸರಾಗಿರುತ್ತದೆ, ತೆರೆದ ಸಿಮೆಂಟ್ ಅಂಗಣವಾದರೆ ಪಾಚಿ ಹಿಡಿದು ಜಾರುತ್ತದೆ, ಮತ್ತು ಶಾಲಾ ಕ್ರೀಡಾಕೂಟಗಳ ಸಿದ್ಧತೆ ನಡೆಯಬೇಕಾದದ್ದೂ ಇದೇ ತಿಂಗಳುಗಳಲ್ಲಿ. ವಾಲಿಬಾಲ್‌ಗಾದರೋ ಎರಡು ಕಂಬ, ಒಂದು ಬಲೆ ಇದ್ದರೆ ಸಾಕು, ಮಳೆ ಬಿಟ್ಟ ಸಂಜೆ ತೋಟದ ಬದಿಯ ಯಾವ ಸಮತಟ್ಟಿನಲ್ಲಿಯೂ ಆಡಬಹುದು. ಕಬಡ್ಡಿಗೆ ಅಷ್ಟೂ ಬೇಡ. ಹೀಗಾಗಿ ಮಳೆಗಾಲ ಕಳೆದ ಮೇಲೆ ಊರೂರುಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾಟಗಳು ಈ ಎರಡು ಆಟಗಳಿಗೇ ಮೀಸಲಾಗಿವೆ, ಮತ್ತು ಉದ್ದನೆಯ ಹುಡುಗನ ದಾರಿಯೂ ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಆ ದಾರಿಯಲ್ಲಿ ಒಳ್ಳೆಯ ಆಟಗಾರರು ಬೆಳೆದಿದ್ದಾರೆ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ತಮ್ಮ ನೀಳವಾದ ಕೈಕಾಲುಗಳ ಚಾಚನ್ನು ದಾಳಿಗೆ ಬಳಸಿಕೊಂಡು ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿ, ಪಟ್ನಾ ಪೈರೇಟ್ಸ್ ತಂಡದ ನಾಯಕರಾಗಿ 2022ರ ಫೆಬ್ರವರಿಯಲ್ಲಿ ಫೈನಲ್ ತಲುಪಿದ್ದರು. ಒಂದೇ ಅಂಕದ ಅಂತರದಲ್ಲಿ, 36–37ರಿಂದ, ಪ್ರಶಸ್ತಿ ದೆಹಲಿಯ ಪಾಲಾಯಿತು. ವಾಲಿಬಾಲ್‌ನಲ್ಲಿ ಬಲೆಯ ನಡುವೆ ನಿಂತು ಎದುರಾಳಿಯ ಹೊಡೆತವನ್ನು ತಡೆಯುವ ಮಿಡಲ್ ಬ್ಲಾಕರ್ ಸ್ಥಾನದಲ್ಲಿ ಕರ್ನಾಟಕದ ಅಶ್ವಲ್ ರೈ ಭಾರತ ತಂಡದಲ್ಲಿ ಸ್ಥಾನ ಗಳಿಸಿದರು. 2022ರ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಕೋಲ್ಕತ್ತಾ ತಂಡ ಅವರ ನಾಯಕತ್ವದಲ್ಲಿ ಚಾಂಪಿಯನ್ ಆಯಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬಲಾಢ್ಯ ದಕ್ಷಿಣ ಕೊರಿಯವನ್ನು ಸೋಲಿಸಿದ ಭಾರತ ತಂಡದಲ್ಲಿಯೂ ಅವರಿದ್ದರು. ಆದರೂ ಕಿರಿಯರ ಕಬಡ್ಡಿಯಲ್ಲಿ ತೂಕದ ಮಿತಿ ಇರುವುದರಿಂದ ಬೇಗ ಉದ್ದವಾಗುವ ಹುಡುಗನಿಗೆ ಅಲ್ಲೊಂದು ಅಪಾಯ ಕಾದಿರುತ್ತದೆ. ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯುತ್ತಿರುವ ದೇಹ ತೂಕ ಹೆಚ್ಚಿಸಿಕೊಳ್ಳಲೇಬೇಕು, ಹಾಗಿದ್ದೂ ತೂಕ ನೋಡುವ ದಿನಕ್ಕಾಗಿ ಊಟ ಬಿಡಿಸಿ, ನೀರು ಕುಡಿಯಗೊಡದೆ ಓಡಿಸುವುದು ಬೆಳೆಯುವ ಮಗುವಿಗೆ ಮಾಡುವ ನೇರ ಹಾನಿಯಾಗಿದ್ದು, ಇದನ್ನು ಯಾವ ಗೆಲುವಿನ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಎತ್ತರದಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ತಂದೆ ತಾಯಿಯ ಎತ್ತರವನ್ನು ಕೂಡಿಸಿ, ಹುಡುಗನಾದರೆ 13 ಸೆಂ.ಮೀ. ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸುವುದು ವೈದ್ಯರು ಬಳಸುವ ಸರಳ ಅಂದಾಜು. ತಂದೆ 170, ತಾಯಿ 156 ಸೆಂ.ಮೀ. ಇದ್ದರೆ ಮಗನಿಗೆ 169.5, ಮಗಳಿಗೆ 156.5 ಎಂಬ ಉತ್ತರ ಬರುತ್ತದೆ, ಅದರಿಂದ ಎಂಟು–ಹತ್ತು ಸೆಂಟಿಮೀಟರ್ ಆಚೀಚೆ ಆಗುವುದು ಸಾಮಾನ್ಯ. ಆದರೆ ವಂಶದಿಂದ ಬಂದದ್ದು ಪೂರ್ತಿಯಾಗಿ ಮೈಗೂಡಬೇಕಾದರೆ ಬಾಲ್ಯದ ಊಟ ಮತ್ತು ಆರೋಗ್ಯ ಸರಿಯಿರಬೇಕು. ದಕ್ಷಿಣ ಕೊರಿಯದ ಮಹಿಳೆಯರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂ.ಮೀ. ಹೆಚ್ಚಿದ್ದು ವಂಶ ಬದಲಾಗಿದ್ದರಿಂದ ಆದದ್ದಲ್ಲ. ಕರಾವಳಿಯ ಕುಚ್ಚಲಕ್ಕಿ ಗಂಜಿ, ಮೀನು, ತೆಂಗು ಒಳ್ಳೆಯ ಆಹಾರವೇ ಆಗಿದ್ದರೂ ಗಂಜಿ–ಚಟ್ನಿಯಲ್ಲಿಯೇ ದಿನ ಕಳೆಯುವ ಮನೆಗಳ ಮಕ್ಕಳಿಗೆ ಸಸಾರಜನಕ, ಅಂದರೆ ಪ್ರೋಟೀನು, ಸಾಲದು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಮತ್ತು ಶಾಲೆಯ ಬಿಸಿಯೂಟದ ಮೊಟ್ಟೆ ಈ ದೃಷ್ಟಿಯಿಂದ ಕ್ರೀಡಾ ಯೋಜನೆಗಳೂ ಹೌದು, ಅವನ್ನು ಯಾರೂ ಹಾಗೆ ಕರೆಯದಿದ್ದರೂ.

ಬೆಳವಣಿಗೆಯ ವೇಗವನ್ನು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲವೆಂಬುದು ಗ್ರಾಮೀಣ ಶಾಲೆಗಳ ಮಟ್ಟಿಗೆ ಭರವಸೆಯ ಸಂಗತಿ. ದೈಹಿಕ ಶಿಕ್ಷಣ ಶಿಕ್ಷಕರ ಕೋಣೆಯ ಗೋಡೆಗೆ ಅಳತೆಪಟ್ಟಿಯೊಂದನ್ನು ನೇರವಾಗಿ ಅಂಟಿಸಿ, ಮಗುವನ್ನು ಬರಿಗಾಲಿನಲ್ಲಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ, ದೃಷ್ಟಿ ನೇರವಾಗಿರುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿರಟ್ಟಿನ ಪುಸ್ತಕವೊಂದನ್ನು ಗೋಡೆಗೆ ಲಂಬವಾಗಿಟ್ಟು ಗುರುತು ಮಾಡಿದರೆ ಸಾಕು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಸಂಜೆಯ ಎತ್ತರ ಬೆಳಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರುತ್ತದೆ, ಆದ್ದರಿಂದ ಅಳತೆ ಯಾವಾಗಲೂ ಒಂದೇ ಹೊತ್ತಿನಲ್ಲಿ ಆಗಬೇಕು. ಜೂನ್‌ನಲ್ಲಿ 162 ಇದ್ದ ಹುಡುಗ ಡಿಸೆಂಬರ್‌ನಲ್ಲಿ 167 ಆದರೆ ಅವನು ವರ್ಷಕ್ಕೆ ಹತ್ತು ಸೆಂಟಿಮೀಟರ್ ವೇಗದಲ್ಲಿದ್ದಾನೆ, ಅಂದರೆ ಬೆಳವಣಿಗೆಯ ಜಿಗಿತದ ನಡುಘಟ್ಟದಲ್ಲಿದ್ದಾನೆ; ಅವನ ಪಕ್ಕದಲ್ಲಿ ನಿಂತ 174 ಸೆಂಟಿಮೀಟರ್‌ನವನು ಅದೇ ಅವಧಿಯಲ್ಲಿ ಒಂದೇ ಸೆಂಟಿಮೀಟರ್ ಏರಿದ್ದರೆ ಅವನ ಬೆಳವಣಿಗೆ ಮುಗಿಯುತ್ತ ಬಂದಿದೆ. ಕುಳಿತಾಗಿನ ಎತ್ತರವನ್ನೂ ಬರೆದಿಟ್ಟುಕೊಂಡರೆ, ಕಾಲುಗಳು ಮೊದಲು, ಮುಂಡ ಅನಂತರ ಉದ್ದವಾಗುವ ಕ್ರಮವನ್ನು ಆಧರಿಸಿ ಕೆನಡಾದ ಮಿರ್ವಾಲ್ಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸೂತ್ರದಿಂದ, ಗರಿಷ್ಠ ವೇಗದ ಘಟ್ಟಕ್ಕೆ ಮಗು ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು.

ಈ ದಾಖಲೆ ಗಾಯ ತಪ್ಪಿಸುವುದಕ್ಕೂ ಬೇಕು. ಮೂಳೆ ವೇಗವಾಗಿ ಉದ್ದವಾಗುವ ತಿಂಗಳುಗಳಲ್ಲಿ ಸ್ನಾಯುಗಳು ಅದರ ಜೊತೆ ಸಾಗಲಾರದೆ ಬಿಗಿಯಾಗುತ್ತವೆ, ಮೊಣಕಾಲಿನ ಚಿಪ್ಪಿನ ಕೆಳಗೆ ಸ್ನಾಯುರಜ್ಜು ಎಳೆದು ಉಬ್ಬು ಮತ್ತು ನೋವು ಕಾಣಿಸುವ ಆಸ್‌ಗುಡ್–ಶ್ಲಾಟರ್ ಎಂಬ ತೊಂದರೆ ಜಿಗಿಯುವ ಆಟಗಳ ಮಕ್ಕಳಲ್ಲಿ ಸಾಮಾನ್ಯವಾಗಿ ಬರುತ್ತದೆ. ನಿನ್ನೆಯವರೆಗೆ ಸಲೀಸಾಗಿ ಓಡುತ್ತಿದ್ದ ಮಗು ತನ್ನ ಕೈಕಾಲಿನ ಹೊಸ ಅಳತೆಗೆ ಒಗ್ಗದೆ ಎಡವತೊಡಗುವುದೂ ಈ ಕಾಲದಲ್ಲಿಯೇ. ಸೋಮಾರಿಯಾದನೆಂದು ಗದರಿಸಿ ಇನ್ನಷ್ಟು ಜಿಗಿಸುವ ಬದಲು ಜಿಗಿತವನ್ನು ತಗ್ಗಿಸಿ, ಚೆಂಡಿನ ಹಿಡಿತ, ಪಾಸ್ ಮತ್ತು ಪಾದಗಳ ಚಲನೆಯ ಅಭ್ಯಾಸವನ್ನು ಹೆಚ್ಚಿಸಿದರೆ ಆ ಆರೆಂಟು ತಿಂಗಳು ವ್ಯರ್ಥವಾಗುವುದಿಲ್ಲ.

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ಶಾಲೆ ಮತ್ತು ವಸತಿನಿಲಯಗಳಿಗೆ ಮಕ್ಕಳನ್ನು ಆರಿಸುವಾಗ ಎತ್ತರ, ತೂಕಗಳ ಜೊತೆಗೆ ಓಟ ಮತ್ತು ಜಿಗಿತದ ಪರೀಕ್ಷೆಗಳನ್ನೂ ನಡೆಸುತ್ತದೆ. ಆ ದಿನದ ಒಂದು ಅಳತೆಯ ಪಕ್ಕದಲ್ಲಿ ಶಾಲೆಯಲ್ಲಿ ಎರಡು ವರ್ಷ ಬರೆದಿಟ್ಟ ಅಳತೆಗಳೂ ತಂದೆ ತಾಯಿಯ ಎತ್ತರವೂ ಇದ್ದರೆ ಆಯ್ಕೆಗಾರರ ತೀರ್ಮಾನಕ್ಕೆ ಹೆಚ್ಚಿನ ಆಧಾರ ಸಿಗುತ್ತದೆ. ಹುಡುಗಿಯರು ಹದಿನೈದು–ಹದಿನಾರರ ಹೊತ್ತಿಗೆ ಬಹುತೇಕ ಪೂರ್ತಿ ಎತ್ತರ ತಲುಪುವುದರಿಂದ ಅವರ ಹುಡುಕಾಟ ಆರು, ಏಳನೆಯ ತರಗತಿಯಲ್ಲಿಯೇ ಆರಂಭವಾಗಬೇಕು. ಹುಡುಗರ ವಿಷಯದಲ್ಲಿ ಪದವಿಪೂರ್ವ ಕಾಲೇಜಿನ ಎರಡು ವರ್ಷಗಳು ಎರಡನೆಯ ಆಯ್ಕೆಗೆ ಬಹಳ ಸೂಕ್ತವಾದ ಕಾಲ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂನಂತಹ ಸಂಸ್ಥೆಗಳು ಕ್ರೀಡೆಗೆ ಒತ್ತು ಕೊಟ್ಟು ಜಿಲ್ಲೆಯ ಮಕ್ಕಳಿಗೆ ದಾರಿ ತೋರಿಸಿವೆಯಾದರೂ, ಮನೆ ಬಿಟ್ಟು ಹೋಗಲಾರದ ಮಕ್ಕಳಿಗಾಗಿ ಪುತ್ತೂರು, ಸುಳ್ಯ, ಕಡಬಗಳಲ್ಲಿ ತಾಲೂಕಿಗೊಂದರಂತೆ ಮಾಡು ಹೊದಿಸಿದ ಅಂಗಣವಾದರೂ ಬೇಕು. ಅದೇ ಅಂಗಣದಲ್ಲಿ ವಾಲಿಬಾಲ್ ಬಲೆಯನ್ನೂ ಕಟ್ಟಬಹುದು, ಕಬಡ್ಡಿಯ ಮ್ಯಾಟನ್ನೂ ಹಾಸಬಹುದು, ಮತ್ತು 2.60 ಮೀಟರ್ ಎತ್ತರದ ಮಿನಿ ಬುಟ್ಟಿಯೊಂದನ್ನು ಬದಿಯಲ್ಲಿ ನಿಲ್ಲಿಸಿದರೆ ನಾಲ್ಕನೆಯ ತರಗತಿಯ ಮಕ್ಕಳು, ಉದ್ದನೆಯವರೂ ಗಿಡ್ಡನೆಯವರೂ, ಸರದಿಯಂತೆ ಎಲ್ಲ ಸ್ಥಾನಗಳಲ್ಲಿಯೂ ಆಡಿ ಕಲಿಯಬಹುದು.